ಸೌಟು ಬಿದ್ದ ನಗು

ಟಿವಿಯಲ್ಲಿ ಹಾಸ್ಯ ಕಾರ್ಯಕ್ರಮ ಮಾಡಲು ಹೊರಟಿರುವ ಹುಡುಗ ಹುಡುಗಿಯರು ಈಗಲೂ ನನಗೆ ಫೋನ್ ಮಾಡುತ್ತಾರೆ. ನಿವೃತ್ತಿಯಾಗಿ ಶಿಕಾರಿಪುರಕ್ಕೆ ಬಂದು ಕೂತವಳಿಗೆ ಸಮಯ ಧಾರಾಳವಾಗಿರುತ್ತದೆ ಎಂದು ಅವರಿಗೆ ಯಾರೋ ಹೇಳಿರಬೇಕು. ‘ಮೇಡಂ, ಜನರನ್ನು ನಗಿಸುವುದು ಹೇಗೆ?’ ಎಂದು ಕೇಳುತ್ತಾರೆ. ನಾನು ಪ್ರತಿ ಸಲವೂ ಆನವಟ್ಟಿಯ ಕಥೆ ಹೇಳುತ್ತಿದ್ದೆ. ಹೇಳಿ ಹೇಳಿ ಅದು ಎಷ್ಟು ನುಣ್ಣಗಾಗಿತ್ತೆಂದರೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಕೇಳುವವರು ನಗುತ್ತಾರೆ, ಎಲ್ಲ ನನಗೆ ಗೊತ್ತಿತ್ತು. ನುಣ್ಣಗಿರುವ ನೆನಪನ್ನು ನಂಬಬಾರದೆಂಬುದೂ ಗೊತ್ತಿರಬೇಕಿತ್ತು. ಎಡಿಟಿಂಗ್ ಕೋಣೆಯಲ್ಲಿ ಮೂವತ್ತು ವರ್ಷ ಕಳೆದವಳು ನಾನು. ದೃಶ್ಯ ಸಲೀಸಾಗಿ ಹರಿಯುತ್ತಿದೆ ಎಂದರೆ ಅಲ್ಲಿ ಯಾರೋ ಕತ್ತರಿ ಆಡಿಸಿದ್ದಾರೆ ಎಂದೇ ಅರ್ಥ.

ಆ ಕಥೆಯಲ್ಲಿ ನಾನೇ ಎರಡು ಕಡೆ ಕತ್ತರಿಸಿದ್ದೆ ಎಂದು ತಿಳಿದದ್ದು ಹೋದ ವರ್ಷ. ಅದರಲ್ಲಿ ಒಂದು ಕತ್ತರಿ ಬಿದ್ದದ್ದು ಇಬ್ಬರು ವಾರಗಿತ್ತಿಯರ ನಡುವೆ. ಅಣ್ಣತಮ್ಮಂದಿರ ಹೆಂಡಂದಿರು, ಅಕ್ಕಪಕ್ಕದ ಮನೆ, ಹಿತ್ತಲಿಗೆ ಒಂದೇ ಗೋಡೆ. ನನ್ನ ಕಾರ್ಯಕ್ರಮದಿಂದಾಗಿ ಅವರು ಹದಿನೆಂಟು ವರ್ಷ ಮಾತು ಬಿಟ್ಟಿದ್ದರು. ನನಗೆ ಸುಳಿವೂ ಇರಲಿಲ್ಲ.

ಆದ್ದರಿಂದ ಈ ಕಥೆಯನ್ನು ಎರಡು ಸಲ ಬರೆಯಬೇಕಾಗಿದೆ. ಮೊದಲು ನಾನು ಹೇಳಿಕೊಂಡು ಬಂದ ಹಾಗೆ.

ನಮಗೊಬ್ಬರು ಮೇಲಧಿಕಾರಿ ಇದ್ದರು. ಅವರು ನಕ್ಕಿದ್ದನ್ನು ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಬೇರೆಯವರ ನಗುವನ್ನು ಅಳೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಶಾಲೆಯ ಆಟದ ಮೇಷ್ಟರ ಹಾಗೆ ಕೊರಳಿಗೆ ಸ್ಟಾಪ್‌ವಾಚ್ ಹಾಕಿಕೊಂಡು, ನಮ್ಮ ಕಾರ್ಯಕ್ರಮವನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ‘ನಿಮಿಷಕ್ಕೆ ಮೂರು ನಗು ಬೇಕಮ್ಮ. ಎರಡಾದರೆ ಅದು ಕೃಷಿ ಕಾರ್ಯಕ್ರಮ’ ಎನ್ನುತ್ತಿದ್ದರು. ನಾನು ಕೃಷಿ ಕಾರ್ಯಕ್ರಮದಿಂದಲೇ ಬಂದವಳಾದ್ದರಿಂದ ಆ ಮಾತು ನೇರವಾಗಿ ನಾಟುತ್ತಿತ್ತು.

ಜೋಕಿನ ಹಿಂದೆ ಹಾಕಲು ಆಗ ನಮ್ಮಲ್ಲಿ ಒಂದು ನಗುವಿನ ಟೇಪ್ ಇತ್ತು. ಯಾವುದೋ ದೇಶದಲ್ಲಿ ಯಾರು ಯಾರೋ ಯಾವಾಗಲೋ ನಕ್ಕಿದ್ದು. ನಮ್ಮ ಸೌಂಡ್ ರೆಕಾರ್ಡಿಸ್ಟ್ ಅನ್ವರ್ ಶಿರಾಳಕೊಪ್ಪದವನು. ಆ ಟೇಪನ್ನು ಕೇಳಿದಾಗಲೆಲ್ಲ ಮುಖ ಹುಳ್ಳಗೆ ಮಾಡುತ್ತಿದ್ದ. ‘ಇವರು ಬೆಣ್ಣೆ ತಿಂದು ನಕ್ಕೋರು ಮೇಡಂ. ನಮ್ಮದು ಖಾರದ ಜೋಕು. ಹೊಂದಲ್ಲ’ ಎಂದ ಒಂದು ದಿನ. ಹಾಗಾದರೆ ನಮ್ಮ ಜನರ ಎದುರಿಗೇ ಕಾರ್ಯಕ್ರಮ ಮಾಡಿ, ಅವರ ನಗುವನ್ನೇ ಹಿಡಿಯೋಣ ಎಂದು ನಾನು ಹೊರಟೆ. ಮೇಲಧಿಕಾರಿ ಸ್ಟಾಪ್‌ವಾಚ್ ತಿರುಗಿಸುತ್ತಾ ಒಪ್ಪಿದರು. ‘ಒಂದು ಕಂತು ಮಾಡಿ ನೋಡು. ನಗು ಬರದಿದ್ದರೆ ನಿನ್ನ ಹಳೇ ಕುರ್ಚಿ ಇನ್ನೂ ಖಾಲಿ ಇದೆ’ ಎಂದರು. ಕೃಷಿ ವಿಭಾಗದ ಕುರ್ಚಿ.

ಆನವಟ್ಟಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮಲ್ಲೇಶಪ್ಪನವರು ನಮ್ಮ ತಂದೆಗೆ ಪರಿಚಯ. ಊರಿನ ಸಾಂಸ್ಕೃತಿಕ ಸಂಘವೂ ಅವರದೇ. ಕಾಗದ ಬರೆದೆ. ಅವರು ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿಸಿ, ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಜನರನ್ನು ಕರೆಸಿದ್ದರು. ಹೆಂಗಸರು ರೇಷ್ಮೆ ಸೀರೆಯಲ್ಲಿ, ಗಂಡಸರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಮದುವೆಗೆ ಬಂದವರ ಹಾಗೆ ಸಾಲಾಗಿ ಕೂತಿದ್ದರು. ನಮ್ಮ ಹಾಸ್ಯಗಾರ ಚಿದಾನಂದ ವೇದಿಕೆ ಹತ್ತಿದ. ಮೂರು ಜಿಲ್ಲೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದವನು. ಮೊದಲ ಜೋಕು ಹೇಳಿದ.

ಯಾರೂ ನಗಲಿಲ್ಲ.

ಎರಡನೆಯದು ಹೇಳಿದ. ಶಾಮಿಯಾನದ ಬಟ್ಟೆ ಗಾಳಿಗೆ ಪಟಪಟ ಎಂದದ್ದು ಕೇಳಿಸಿತು. ಐದನೆಯ ಜೋಕಿನ ಹೊತ್ತಿಗೆ ಚಿದಾನಂದನ ಬೆವರು ಕ್ಯಾಮೆರಾದಲ್ಲಿ ಕಾಣುತ್ತಿತ್ತು. ಹತ್ತನೆಯದಕ್ಕೆ ಬಂದಾಗ ಅವನು ಕೈಮುಗಿದು, ‘ನಗ್ರಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದ. ಇನ್ನೂರು ಜನ ಗಂಭೀರವಾಗಿ, ಗೌರವದಿಂದ ಅವನನ್ನೇ ನೋಡುತ್ತಿದ್ದರು. ಕೊನೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಚಿದಾನಂದ ಆ ಬುಟ್ಟಿಯನ್ನು ತಬ್ಬಿಕೊಂಡು ವ್ಯಾನಿನಲ್ಲಿ ಹೋಗಿ ಮಲಗಿಬಿಟ್ಟ.

ಮಲ್ಲೇಶಪ್ಪನವರು ಮುಖವರಳಿಸಿಕೊಂಡು ಬಂದರು. ‘ಹೆಂಗಿತ್ತು ಮೇಡಮ್ಮಾರೆ ನಮ್ಮ ಜನದ ಶಿಸ್ತು? ಒಂದು ಕೆಮ್ಮಾದ್ರೂ ಕೇಳಿಸ್ತೇನು?’

‘ಮಲ್ಲೇಶಪ್ಪನೋರೆ, ಯಾಕ್ರೀ ಯಾರೂ ನಗಲಿಲ್ಲ?’

‘ನಗೋದಾ?’ ಅವರಿಗೆ ಗಾಬರಿಯಾಯಿತು. ‘ಬೆಳಿಗ್ಗೆನೇ ಮೈಕಲ್ಲಿ ಹೇಳಿದ್ದೆನಲ್ರೀ. ಟಿವಿ ಅಂದ್ರೆ ಸಣ್ಣ ಮಾತಲ್ಲ, ಕೆಮ್ಮಬ್ಯಾಡ್ರಿ, ಸೀನಬ್ಯಾಡ್ರಿ, ನಗಬ್ಯಾಡ್ರಿ, ಎಲ್ಲ ಟೇಪಿಗೆ ಹೋಗ್ತತಿ ಅಂತ. ನಾಲ್ಕನೇ ಸಾಲಿನಾಗೆ ಒಬ್ಬ ಬಾಯಿಗೆ ಟವೆಲ್ ತುರ್ಕಂಡು ಕೂತಿದ್ದ, ನೋಡಿದ್ರೋ ಇಲ್ವೋ? ಪಾಪ, ಉಸಿರು ಕಟ್ಟಿತ್ತು ಅವಂಗೆ.’

ಅಲ್ಲಿಗೆ ನನ್ನ ಕುರ್ಚಿ ನನ್ನನ್ನು ಕರೆಯತೊಡಗಿತು. ಅಷ್ಟರಲ್ಲಿ ಊಟಕ್ಕೆ ಎಬ್ಬಿಸಿದರು. ಶಾಲೆಯ ಜಗುಲಿಯಲ್ಲಿ ಪಂಕ್ತಿ ಕೂತಿತ್ತು. ರೊಟ್ಟಿ, ಎಣಗಾಯಿ, ಗೋಧಿ ಹುಗ್ಗಿ. ಅನ್ವರ್ ಬೇಸರದಲ್ಲಿ ಮೈಕು ಮತ್ತು ರೆಕಾರ್ಡರನ್ನು ಬಡಿಸುವ ಬೆಂಚಿನ ಪಕ್ಕದಲ್ಲಿಟ್ಟು, ನಿಲ್ಲಿಸುವುದನ್ನು ಮರೆತು, ಕೈ ತೊಳೆಯಲು ಹೋದ, ಅವನ ಹಿಂದೆ ನಾನೂ. ಆಗ ನಮ್ಮ ಬೆನ್ನ ಹಿಂದೆ ಜಗುಲಿಯ ತುಂಬ ನಗು ಒಡೆಯಿತು. ಅದರ ನಡುವೆ ಒಂದು ಹೆಂಗಸಿನ ನಗು ಬೇರೆಯಾಗಿ ಎದ್ದು ಬಂತು. ಸಣ್ಣ ಬಾಯಿಯ ಕೊಡವನ್ನು ಬಗ್ಗಿಸಿದರೆ ನೀರು ಒಮ್ಮೆಲೇ ಬರದೆ, ತಡೆದು, ಗುಳುಗುಳು ಎಂದು, ಮತ್ತೆ ತಡೆದು, ಆಮೇಲೆ ಧಾರೆಯಾಗಿ ಸುರಿಯುತ್ತದಲ್ಲ, ಹಾಗೆ. ಹನ್ನೊಂದು ಸೆಕೆಂಡು. ಆಕೆಯ ಹೆಸರು ಗಂಗಮ್ಮ ಎಂದು ಆಮೇಲೆ ಕೇಳಿ ತಿಳಿದುಕೊಂಡೆ.

ಜನ ಎರಡು ಗಂಟೆ ತಡೆಹಿಡಿದಿದ್ದ ಚಿದಾನಂದನ ಜೋಕುಗಳೇ ಊಟದ ಹೊತ್ತಿಗೆ ಒಡೆದವು ಎಂಬುದು ನನ್ನ ತೀರ್ಮಾನ. ‘ಒಳ್ಳೆಯ ಜೋಕು ಹಳಸುವುದಿಲ್ಲ, ಹೊಟ್ಟೆಯೊಳಗೆ ಕಾಯುತ್ತದೆ’ ಎಂದು ಎಷ್ಟೋ ತರಬೇತಿಗಳಲ್ಲಿ ಹೇಳಿದೆ. ಹುಡುಗರು ಬರೆದುಕೊಂಡರು. ಆ ಜಗುಲಿಯ ನಗುವನ್ನು ಕತ್ತರಿಸಿ ಚಿದಾನಂದನ ಜೋಕುಗಳ ಹಿಂದೆ ಅಂಟಿಸಿದೆವು. ಮೇಲಧಿಕಾರಿ ಕಣ್ಣು ಮುಚ್ಚಿ ಕೇಳಿ, ಸ್ಟಾಪ್‌ವಾಚ್ ನೋಡಿ, ‘ನಾಲ್ಕು’ ಎಂದರು. ಆ ಕಾರ್ಯಕ್ರಮ ವರ್ಷಗಟ್ಟಲೆ ನಡೆಯಿತು. ಗಂಗಮ್ಮನ ನಗು ಅದರ ಉಪ್ಪಾಯಿತು. ಎಲ್ಲಿ ಜೋಕು ಸಪ್ಪೆಯೋ ಅಲ್ಲಿ ಒಂದು ಚಿಟಿಕೆ ಗಂಗಮ್ಮ.

ಇಷ್ಟು ನಾನು ಹೇಳುತ್ತಿದ್ದ ಕಥೆ.

ಎರಡನೆಯ ಸಲ ಬರೆಯುವ ಮೊದಲು ಎರಡು ತುಣುಕುಗಳನ್ನು ಸೇರಿಸುತ್ತೇನೆ. ಹಿಂದೆಲ್ಲ ಇವನ್ನು ಕಥೆಗೆ ಅಡ್ಡ ಬರುತ್ತವೆಂದು ಬಿಡುತ್ತಿದ್ದೆ. ಅಡ್ಡ ಬರುವುದನ್ನೆಲ್ಲ ಬಿಟ್ಟು ನಾನು ಮಾಡಿದ ಅನಾಹುತವನ್ನು ಈಗ ನೋಡುತ್ತಿದ್ದೇನಾದ್ದರಿಂದ, ಇವು ಇರಲಿ.

ತಾಳಗುಂದದಲ್ಲಿ ರಾಜನೊಬ್ಬನ ಹಾಸ್ಯ ರೂಪಕದ ಚಿತ್ರೀಕರಣ. ಜನರೇಟರ್ ಕೆಟ್ಟಿತು. ರಾಜನ ವೇಷದ ನಟ ಕಿರೀಟ, ಕತ್ತಿ, ಅಂಟಿಸಿದ ಮೀಸೆಯ ಸಮೇತ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ನಿಂತಿದ್ದ. ಹೊಲದವರು ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದರು. ‘ಸುಮ್ನೆ ನಿಂತೀರಲ್ರೀ, ಈ ಪೈಪ್ ತುದಿ ಹಿಡ್ಕಳ್ರಿ, ಅತ್ಲಾಗೆ ಮೋಟರ್ ಹಾಕ್ತೀನಿ’ ಎಂದರು. ಮಹಾರಾಜರು ಅರ್ಧ ಗಂಟೆ ನೀರು ಹಾಯಿಸಿದರು. ನಡುವೆ ಎರಡು ಸಲ ಬೈಸಿಕೊಂಡರು ಕೂಡ: ‘ಏ, ಬುಡಕ್ಕೆ ಬಿಡ್ರಿ, ಎಲೆಗಲ್ಲ!’ ಬ್ಯಾಟರಿಯಲ್ಲಿ ಉಳಿದಷ್ಟನ್ನು ನಾನು ಚಿತ್ರಿಸಿಕೊಂಡೆ. ಬರೆದ ರೂಪಕವನ್ನು ಬಿಸಾಡಿ ಅದನ್ನೇ ಪ್ರಸಾರ ಮಾಡಿದೆವು.

ಇನ್ನೊಂದು ಗುಡವಿಯದು. ಹಕ್ಕಿಗಳು ಗೂಡು ಕಟ್ಟುವ ಕಾಲ. ಕೆರೆಯಿಂದ ದೂರದಲ್ಲೇ ನಿಂತಿದ್ದೆವು. ಆದರೂ ನಮ್ಮ ನಟ ಬಾಯಿ ತೆರೆದಾಗಲೆಲ್ಲ ಮರಗಳ ತುಂಬ ಕಲಕಲ. ಅನ್ವರ್ ಹೆಡ್‌ಫೋನ್ ತೆಗೆದಿಟ್ಟು, ‘ಇಲ್ಲಿ ನಮಗಿಂತ ಮುಂಚೆ ಇವರ ಕಾರ್ಯಕ್ರಮ ಬುಕ್ ಆಗಿದೆ ಮೇಡಂ’ ಎಂದ. ನನಗೆ ಹೊಸತು ಮಾಡುವ ಹುಚ್ಚು. ಆ ಕಂತಿನಲ್ಲಿ ಒಂದೇ ಒಂದು ಮನುಷ್ಯರ ನಗು ಹಾಕದೆ, ಪ್ರತಿ ಜೋಕಿನ ಹಿಂದೆಯೂ ಹಕ್ಕಿಗಳ ಗದ್ದಲ ಹಾಕಿದೆ. ಮೇಲಧಿಕಾರಿ ಸ್ಟಾಪ್‌ವಾಚನ್ನು ಒತ್ತಬೇಕೋ ಬೇಡವೋ ತಿಳಿಯದೆ ಹೆಬ್ಬೆರಳು ಎತ್ತಿಕೊಂಡೇ ಕೂತಿದ್ದರು. ಆಮೇಲೆ, ‘ಇವು ನಕ್ಕಿದ್ದೋ, ಬೈದದ್ದೋ?’ ಎಂದು ಕೇಳಿದರು. ಅವರ ಇಡೀ ವೃತ್ತಿಜೀವನದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಅವರು ಕೇಳಿರಲಾರರು. ನಾನು ಅದನ್ನು ಗಂಗಮ್ಮನ ನಗುವಿನ ಬಗ್ಗೆಯೂ ಕೇಳಿಕೊಳ್ಳಬೇಕಿತ್ತು.

ಕೇಳಿಕೊಳ್ಳಲಿಲ್ಲ. ಟೇಪ್ ಹೋಗಿ ಕಂಪ್ಯೂಟರ್ ಬಂತು. ಮೊದಲು ನಗುವೊಂದನ್ನು ಅಂಟಿಸಲು ಅರ್ಧ ಗಂಟೆ ಬೇಕಿತ್ತು. ಟೇಪನ್ನು ಹಿಂದೆ ಮುಂದೆ ಓಡಿಸುತ್ತಾ ಅದೇ ನಗುವನ್ನು ಇಪ್ಪತ್ತು ಸಲ ಕೇಳಬೇಕಾಗಿತ್ತು, ಹಾಗೆ ಕೇಳುವಾಗ ನಗುವವರ ಪರಿಚಯವಾಗುತ್ತಿತ್ತು. ಕಂಪ್ಯೂಟರಿನಲ್ಲಿ ಗಂಗಮ್ಮ ಒಂದು ಫೈಲಾದರು. ಹೆಸರು ‘ಆನವಟ್ಟಿ ಮೂರು’. ಒಂದು ಗುಂಡಿ ಒತ್ತಿದರೆ ನಗುತ್ತಿದ್ದರು. ಹೊಸದಾಗಿ ಸೇರಿದವರಿಗೆ ಅದೊಂದು ಊರಿನ ಹೆಸರೆಂಬುದೂ ತಿಳಿದಿರಲಿಲ್ಲ.

ಈಗ ಎರಡನೆಯ ಸಲ.

ಹೋದ ವರ್ಷ ಶಿಕಾರಿಪುರದ ಬಟ್ಟೆ ಅಂಗಡಿಯೊಂದರಲ್ಲಿ ಮಲ್ಲೇಶಪ್ಪನವರು ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿದೆ, ದನಿ ಅದೇ. ನಾನು ಹಳೆಯ ಸಲಿಗೆಯಲ್ಲಿ, ‘ಏನ್ ಮಲ್ಲೇಶಪ್ಪನೋರೆ, ನಗಬ್ಯಾಡ್ರಿ ಅಂತ ಹೇಳಿ ನನ್ನ ಕೆಲಸಾನೇ ಕಳೀತಿದ್ರಲ್ಲ’ ಎಂದೆ. ಪ್ರತಿ ಸಲವೂ ಜನ ನಗುವ ಸಾಲು ಅದು. ಅವರು ನಗಲಿಲ್ಲ.

‘ನಾ ಯಾಕೆ ಹೇಳ್ಲಿ ಮೇಡಮ್ಮಾರೆ? ನೀವೇ ಬರೆದಿದ್ರಿ. ಕಾಗದ ಇನ್ನೂ ಐತೆ. ಪ್ರೇಕ್ಷಕರಿಂದ ಯಾವುದೇ ಸದ್ದು ಬಾರದಂತೆ ನೋಡಿಕೊಳ್ಳತಕ್ಕದ್ದು ಅಂತ. ಕೆಳಗೆ ನಿಮ್ಮ ರುಜು.’

ಆ ಕಾಗದವೇ ಕಣ್ಣ ಮುಂದೆ ಬಂತು. ಸಂಗೀತ ಕಛೇರಿಗಳ ಧ್ವನಿಮುದ್ರಣಕ್ಕೆಂದು ಕಚೇರಿಯಲ್ಲಿ ಅಚ್ಚು ಹಾಕಿಸಿಟ್ಟಿದ್ದ ಕಾಗದ. ಆತುರದಲ್ಲಿ ಅದನ್ನೇ ತೆಗೆದು, ಊರು ಮತ್ತು ದಿನ ತುಂಬಿ, ಓದದೆ ಸಹಿ ಹಾಕಿ ಕಳಿಸಿದ್ದೆ. ಅವರು ಅದನ್ನು ಅಕ್ಷರಶಃ ಪಾಲಿಸಿದ್ದರು. ಇಷ್ಟು ವರ್ಷ ನಾನು ಊರೂರಿನಲ್ಲಿ ಅವರ ಮುಗ್ಧತೆಯ ಮೇಲೆ ಜನರನ್ನು ನಗಿಸಿದ್ದೆ, ಅದು ನನ್ನದೇ ಪೆದ್ದುತನ.

ಕ್ಷಮೆ ಕೇಳಿದೆ. ‘ಅದು ಹಾಳಾಗ್ಲಿ ಬಿಡ್ರಿ’ ಎಂದು ಕೈ ಒದರಿದರು. ‘ನಿಮ್ಮಿಂದ ನಮ್ಮೂರಾಗೆ ಒಂದು ಜಗಳ ಇನ್ನೂ ನಡೀತಾ ಐತಲ್ಲ, ಅದನ್ನ ಬಗೆಹರಿಸ್ರಿ. ಗಂಗಮ್ಮ, ಅವಳ ವಾರಗಿತ್ತಿ ನಾಗರತ್ನಮ್ಮ ಇಬ್ರೂ ಮಾತಾಡಿ ಹದಿನೆಂಟು ವರ್ಷ ಆತು.’

ಮರುದಿನವೇ ಬಸ್ಸು ಹತ್ತಿದೆ. ಗಂಗಮ್ಮ ಹೊರಗಿನ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಯಾರೆಂದು ಹೇಳಿದೆ. ಅವರು ತಲೆಯೆತ್ತಲಿಲ್ಲ.

‘ಓಹೋ, ನೀವಾ ನನ್ನ ನಗಿಸಿದೋರು?’ ಎಂದರು. ‘ಬರ್ರಿ, ಕುಂದ್ರಿ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಗಂಡ ನಾಯಿಗೆ ಹೆದರಿ ಹೆಂಡ್ತಿ ಸೀರೆ ಉಟ್ಕಂಡು ಓಡಿದ್ದು ಒಂದು ಬಂತಲ್ಲ, ಅದ್ಕೆ ನಾನು ನಕ್ಕಿದೀನಾ?’

‘ಅದು ನಾವು ಹಾಕಿದ್ದು ಗಂಗಮ್ಮ...’

‘ಅತ್ತೆ ಬಾವಿಗೆ ಬಿದ್ದಿದ್ದಕ್ಕೆ? ಅದ್ಕೂ ನಕ್ಕಿದೀನಿ! ನಮ್ಮತ್ತೆ ಆಗ ಇನ್ನೂ ಬದುಕಿದ್ರು ಕಣ್ರೀ. ಟಿವಿ ನೋಡಿ ನನ್ನ ಕಡೆ ತಿರುಗಿ ಒಂದು ನೋಟ ನೋಡಿದ್ರು ನೋಡ್ರಿ. ಒಂದು ವಾರ ಕಾಫಿ ಕೊಟ್ರೂ ಮುಖ ಕೊಡ್ಲಿಲ್ಲ. ನಗೆ ಬರದಿದ್ದಕ್ಕೆಲ್ಲ ನನ್ನ ನಗಿಸಿದ್ರಿ. ಸಂತೆಗೆ ಹೋದ್ರೆ, ಏನ್ ಗಂಗಕ್ಕ ಮೊನ್ನೆ ಅಷ್ಟು ಕೆಟ್ಟ ಜೋಕಿಗೂ ನಕ್ಯಲ್ಲ ಅಂತಾರೆ. ನಾನೇನು ಹೇಳ್ಲಿ?’

ಅವರ ಬೆರಳು ಒಂದು ಸಿಪ್ಪೆಯನ್ನೇ ಮತ್ತೆ ಮತ್ತೆ ಸುಲಿಯುತ್ತಿತ್ತು. ಪಕ್ಕದ ಮನೆಯ ವಿಷಯ ಆಮೇಲೆ ಬಂತು, ದನಿ ತಗ್ಗಿಸಿಕೊಂಡು.

ನಾಗರತ್ನಮ್ಮ ಮೊಪೆಡ್ ಕಲಿಯಲು ಹೊರಟಿದ್ದರಂತೆ. ಆ ಓಣಿಯಲ್ಲಿ ಹಾಗೆ ಹೊರಟ ಮೊದಲ ಹೆಂಗಸು ಅವರೇ. ಮೂರನೆಯ ದಿನ ಬ್ರೇಕು ಎಂದುಕೊಂಡು ವೇಗ ಹೆಚ್ಚಿಸಿ, ನೇರ ಹೋಗಿ ತಿಪ್ಪೆಗೆ ನುಗ್ಗಿದರು. ಇಡೀ ಓಣಿ ನಕ್ಕಿತು. ಗಂಗಮ್ಮ ಮಾತ್ರ ನಗಲಿಲ್ಲ. ಓಡಿಹೋಗಿ ಎಬ್ಬಿಸಿ, ತಲೆ ತೊಳೆಸಿ, ‘ನಾಳೆ ನಾನು ಹಿಂದೆ ಹಿಡ್ಕಂಡು ಓಡ್ತೀನಿ, ಬಿಡಬ್ಯಾಡ ನೀನು’ ಎಂದರು. ಎರಡು ವಾರ ಸೀರೆ ಸಿಕ್ಕಿಸಿಕೊಂಡು ಮೊಪೆಡ್ಡಿನ ಹಿಂದೆ ಓಡಿದರು ಕೂಡ. ಅದರ ಮುಂದಿನ ಭಾನುವಾರ ನಮ್ಮ ಕಾರ್ಯಕ್ರಮದಲ್ಲಿ ಒಂದು ಪ್ರಹಸನ ಬಂತು. ಮಧ್ಯವಯಸ್ಸಿನ ಹೆಂಗಸೊಬ್ಬಳು ಮೊಪೆಡ್ ಕಲಿಯಲು ಹೋಗಿ ತಿಪ್ಪೆಗೆ ಬೀಳುತ್ತಾಳೆ. ಅದರ ಹಿಂದೆಯೇ, ಸಣ್ಣ ಬಾಯಿಯ ಕೊಡ ಬಗ್ಗಿಸಿದ ಹಾಗೆ, ಗುಳುಗುಳು ಗಂಗಮ್ಮನ ನಗು. ಆ ನಗು ಯಾರದೆಂದು ಊರಿನಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ.

‘ಎದುರಿಗೆ ತಲೆ ತೊಳೆಸಿ, ಟಿವಿಗೆ ಹೋಗಿ ನಕ್ಕು ಬಂದಳು ಅಂದ್ಕಂಡ್ಲು’ ಎಂದರು ಗಂಗಮ್ಮ. ‘ನಾನೇ ಹೇಳಿ ಬರೆಸಿದ್ದು ಅಂತ್ಲೂ ಅಂದ್ಲು. ನಾನು ಎಲ್ಲಿಗೂ ಹೋಗಿಲ್ಲ ತಂಗಿ, ಈಚೆಗೆ ಯಾವ ಟಿವಿಯೋರೂ ಬಂದಿಲ್ಲ ಅಂದೆ. ಮತ್ತೆ ನಗು ಯಾರ್ದು ಅಂದ್ಲು. ನಗು ನಂದೇ. ಏನಂತ ಹೇಳ್ಲಿ? ಅವತ್ತು ಮೊಪೆಡ್ ಮಾರಿದ್ಲು. ನನ್ನ ಜತೆ ಮಾತೂ ಬಿಟ್ಲು.’

ಆ ಪ್ರಹಸನ ಬರೆದವನು ಆನವಟ್ಟಿಯನ್ನು ಕಂಡವನಲ್ಲ. ಆ ವರ್ಷಗಳಲ್ಲಿ ಎಲ್ಲ ಊರುಗಳಲ್ಲೂ ಹೆಂಗಸರು ಮೊಪೆಡ್ ಕಲಿಯುತ್ತಿದ್ದರು, ಎಲ್ಲ ಊರುಗಳಲ್ಲೂ ತಿಪ್ಪೆಗಳಿದ್ದವು. ಆದರೆ ಅದರ ಮೇಲೆ ‘ಆನವಟ್ಟಿ ಮೂರು’ ಒತ್ತಿದ್ದು ನಾನು. ಜೋಕು ಸಪ್ಪೆ ಎನ್ನಿಸಿತ್ತು. ಅಷ್ಟು ಮಾತ್ರ ನೆನಪಿದೆ.

‘ಅವತ್ತು ಊಟದ ಪಂಕ್ತಿಯಲ್ಲಿ ಚಿದಾನಂದನ ಯಾವ ಜೋಕಿಗೆ ನಕ್ಕಿದ್ರಿ, ನೆನಪಿದೆಯಾ?’ ಎಂದು ಕೇಳಿದೆ. ಅದನ್ನಾದರೂ ಹೇಳಿ ನಾಗರತ್ನಮ್ಮನನ್ನು ಒಪ್ಪಿಸಬಹುದೆಂಬ ಆಸೆ.

‘ಆ ಬೆವರಪ್ಪನ ಜೋಕಿಗಾ?’ ಗಂಗಮ್ಮ ಮೊದಲ ಸಲ ಮುಖ ಎತ್ತಿದರು. ‘ಅಯ್ಯ, ಅದ್ರಾಗೆ ನಗಾದೇನಿತ್ತು? ಯಾಕೆ ನಕ್ಕೆ ಅಂತ ನಂಗೆ ನೆಪ್ಪಿಲ್ಲ. ಅವನಿಗಂತೂ ಅಲ್ಲ.’

ಹೊಟ್ಟೆಯೊಳಗೆ ಕಾಯುವ ಜೋಕಿನ ನನ್ನ ಸಿದ್ಧಾಂತ ಆ ಕಟ್ಟೆಯ ಮೇಲೆ ಅವರೆ ಸಿಪ್ಪೆಯ ಜೊತೆ ಬಿತ್ತು. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯುತ್ತಾ ಕೂತೆ.

ವಾಪಸು ಬರುವಾಗ ಶಿರಾಳಕೊಪ್ಪದಲ್ಲಿ ಇಳಿದು ಅನ್ವರನ ಮನೆಗೆ ಹೋದೆ. ನಿವೃತ್ತಿಯ ನಂತರ ಅವನು ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸದಲ್ಲಿದ್ದಾನೆ. ಏನನ್ನೂ ಅಳಿಸದವನು, ಪ್ರತಿ ಪೆಟ್ಟಿಗೆಯ ಮೇಲೂ ಚೀಟಿ ಅಂಟಿಸುವವನು. ‘ಆನವಟ್ಟಿ, ಊಟ, ತಪ್ಪಿ ಆದದ್ದು’ ಎಂಬ ಚೀಟಿಯ ಕ್ಯಾಸೆಟ್ ಹತ್ತು ನಿಮಿಷದಲ್ಲಿ ಸಿಕ್ಕಿತು.

‘ನಾವು ಇದನ್ನ ಪೂರ್ತಿ ಕೇಳೇ ಇಲ್ಲ ಮೇಡಂ’ ಎಂದ. ‘ನಗು ಶುರುವಾಗೋ ಜಾಗದಿಂದ ಕತ್ತರಿಸಿದ್ವಿ. ಮುಂಚೆ ಒಂದು ಪಾತ್ರೆ ಸದ್ದಿತ್ತು. ಕೊಳಕು ಅಂತ ನೀವೇ ತೆಗೆಸಿದ್ರಿ.’

ಹಾಕಿದ. ಊಟದ ಗಲಾಟೆ. ಯಾರೋ ರೊಟ್ಟಿ ಕೇಳುತ್ತಾರೆ. ಒಂದು ಹೆಂಗಸಿನ ದನಿ ಹತ್ತಿರ ಬರುತ್ತದೆ. ಚಿದಾನಂದನ ಎಳೆದ ಧಾಟಿ, ಅವನ ಏದುಸಿರು, ಅವನ ಗೋಗರೆತ, ಎಲ್ಲ ಆ ದನಿಯ ಅಣಕದಲ್ಲಿ ಅಚ್ಚುಕಟ್ಟು: ‘ನಗ್ರಪ್ಪಾ... ನಿಮ್ಮ ಕಾಲಿಗೆ... ಬೀಳ್ತೀನಿ...’ ಠಣ್ಣೆಂದು ಲೋಹ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಜಗುಲಿಯೆಲ್ಲ ಒಡೆಯಿತು, ಕೊಡ ಬಗ್ಗಿತು.

ಆ ದನಿ ಯಾರದೆಂದು ನಾವಿಬ್ಬರೂ ಹೇಳಲಾರದಾದೆವು. ಅನ್ವರ್ ಅದನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟ. ಮರುದಿನ ಮತ್ತೆ ಅದೇ ಬಸ್ಸು. ಈ ಸಲ ಪಕ್ಕದ ಬಾಗಿಲು.

ನಾಗರತ್ನಮ್ಮ ಎತ್ತರದ ಹೆಂಗಸು. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ‘ನಮ್ಮ ಮನೇಲಿ ಟಿವಿ ನೋಡಲ್ಲ’ ಎಂದರು. ಒಳಗೆ ಟಿವಿ ಓಡುತ್ತಿತ್ತು.

‘ನೋಡ್ಬೇಡಿ, ಒಂದು ಸಲ ಕೇಳಿ ಸಾಕು. ಗಂಗಮ್ಮ ಟಿವಿಗೆ ಬಂದು ನಕ್ಕಿಲ್ಲ. ಜೀವಮಾನದಲ್ಲಿ ನನ್ನ ಮೈಕಿನ ಮುಂದೆ ಒಂದೇ ಸಲ ನಕ್ಕಿದ್ದು, ಶಾಲೆ ಜಗುಲಿಯಲ್ಲಿ, ನೀವು ಮೊಪೆಡ್ ಮುಟ್ಟೋಕೆ ಎರಡು ವರ್ಷ ಮುಂಚೆ. ಅದನ್ನ ಎಲ್ಲ ಕಡೆ ಅಂಟಿಸಿದ್ದು ನಾನು. ಬೈಯೋದಾದ್ರೆ ನನ್ನನ್ನ ಬೈರಿ.’

‘ಬೈತೀನಿ, ಅದ್ಕೇನು. ಹಾಕ್ರಿ ಮೊದ್ಲು.’

ಹಾಕಿದೆ. ಠಣ್ ಎಂದಾಗ ಅವರ ಬಲಗೈ ತನ್ನಷ್ಟಕ್ಕೇ ಒಮ್ಮೆ ಬಿಚ್ಚಿಕೊಂಡಿತು, ಏನೋ ಜಾರಿದ ಹಾಗೆ. ನಗು ಮುಗಿಯಿತು. ‘ಇನ್ನೊಮ್ಮೆ’ ಎಂದರು. ಮತ್ತೆ ಹಾಕಿದೆ. ಮೂರನೆಯ ಸಲ ಅವರೇ ಒತ್ತಿದರು.

‘ಅದು ನಾನು ಕಣ್ರೀ’ ಎಂದರು.

‘ಯಾವುದು?’

‘ಆ ಬೆವರಪ್ಪನ ಹಂಗೆ ಮಾಡಿ ತೋರಿಸ್ದೋಳು ನಾನು. ಹುಗ್ಗಿ ಬಡಿಸ್ತಿದ್ದೆ. ಸೌಟನ್ನೇ ಮೈಕು ಅಂತ ಹಿಡ್ಕಂಡಿದ್ದೆ. ಅವನ ಹಂಗೆ ಮುಖ ಒರೆಸ್ಕಳಾಕೆ ಹೋಗಿ ಮೂಗಿಗೆಲ್ಲ ಹುಗ್ಗಿ ಮೆತ್ಕಂತು. ಸೌಟು ಜಾರಿ ಬಿತ್ತು. ಗಂಗಕ್ಕ ಎದುರಿಗೇ ಕೂತಿದ್ಲು, ಬಾಯಾಗೆ ರೊಟ್ಟಿ ಇಟ್ಕಂಡು...’

ನನ್ನ ಮೊಬೈಲನ್ನು ಹಿಡಿದುಕೊಂಡೇ ನಡುಮನೆ ದಾಟಿ ಹಿತ್ತಲಿಗೆ ಹೋದರು. ನಾನು ಹಿಂದೆ ಹೋದೆ. ಮಧ್ಯದ ಗೋಡೆ ಎದೆಮಟ್ಟ. ಅದರ ಆಚೆ ಪಾತ್ರೆ ತೊಳೆಯುವ ಸದ್ದು. ನಾಗರತ್ನಮ್ಮ ಮೊಬೈಲಿನ ದನಿಯನ್ನು ಪೂರ್ತಿ ಏರಿಸಿ, ಅದನ್ನು ಗೋಡೆಯ ಮೇಲಿಟ್ಟು ಒತ್ತಿದರು.

‘ನಗ್ರಪ್ಪಾ... ನಿಮ್ಮ ಕಾಲಿಗೆ... ಬೀಳ್ತೀನಿ...’ ಠಣ್!

ಆಚೆ ಪಾತ್ರೆಯ ಸದ್ದು ನಿಂತಿತು. ಮೊಬೈಲಿನಲ್ಲಿ ಹಳೆಯ ನಗು ಶುರುವಾಯಿತು, ಮುಗಿಯಿತು. ಈಚೆ ನಾಗರತ್ನಮ್ಮ ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಮೂವತ್ತು ವರ್ಷ ನಗುವಿಗಾಗಿ ಕಾದವಳು. ಅಷ್ಟು ಉದ್ದದ ಕಾಯುವಿಕೆ ನನಗೆ ನೆನಪಿಲ್ಲ. ಆಮೇಲೆ ಗೋಡೆಯಾಚೆ ಒಂದು ಗುಳು. ತಡೆಯಿತು. ಇನ್ನೊಂದು ಗುಳುಗುಳು.

‘ಏ ನಾಗೂ’ ಎಂದಿತು ಆಚೆಯ ದನಿ, ನಗುವಿನ ನಡುವೆ ಎಡವುತ್ತಾ. ‘ನಿನ್ನ ಮೂಗು! ಹುಗ್ಗಿ! ಅಯ್ಯೋ, ಈಗ ನೆಪ್ಪಾತು ಕಣೇ!’

‘ನೆಪ್ಪಾತಾ? ಹದಿನೆಂಟು ವರ್ಷ ಬೇಕಾಯ್ತಾ ನಿಂಗೆ? ನನ್ನ ಆಟಕ್ಕೆ ನಕ್ಕು, ಊರೋರ ಜೋಕಿಗೆಲ್ಲ ಹಂಚ್ಯಲ್ಲೇ ಅಕ್ಕಾ!’

‘ನಾನೆಲ್ಲಿ ಹಂಚ್ದೆ, ಆ ಮೇಡಮ್ಮ ಹಂಚಿದ್ದು! ಹಿಡ್ಕಾ ಅವಳ್ನ, ಬಿಡಬ್ಯಾಡ!’

ಆ ಮೇಲಿನ ನಗು ಎಷ್ಟು ಹೊತ್ತು ನಡೆಯಿತೆಂದು ಗೊತ್ತಿಲ್ಲ, ಸ್ಟಾಪ್‌ವಾಚ್ ಇರಲಿಲ್ಲ. ನನ್ನ ಮೊಬೈಲ್ ಗೋಡೆಯ ಮೇಲೆ ಅದರ ಪಾಡಿಗೆ ಅದಿತ್ತು. ಬೈಗುಳ ತಪ್ಪಲಿಲ್ಲ. ಇಬ್ಬರೂ ಸೇರಿ, ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುತ್ತಾ, ಊಟಕ್ಕೆ ಕೂಡಿಸಿಯೇ ಬೈದರು.

ಹೊರಡುವಾಗ ನಾನು, ‘ಆ ನಗು ಇನ್ನೂ ಚಾನೆಲ್ಲಿನ ಕಂಪ್ಯೂಟರಿನಲ್ಲಿದೆ. ತೆಗೆದುಹಾಕಲು ಹೇಳಲೇ?’ ಎಂದು ಕೇಳಿದೆ. ಗಂಗಮ್ಮ ನಾಗರತ್ನಮ್ಮನ ಮುಖ ನೋಡಿದರು. ತೀರ್ಪು ಕೊಟ್ಟವರು ನಾಗರತ್ನಮ್ಮ.

‘ತೆಗಿಸಬ್ಯಾಡ್ರಿ. ಒಳ್ಳೆ ನಗು ಅದು. ಆದ್ರೆ ನನ್ನ ಸೌಟಿನ ಸದ್ದು ಬಿಟ್ಟು ಹಾಕಬ್ಯಾಡ್ರಿ ಅನ್ರಿ.’

ಅನ್ವರ್ ಹೊಸದಾಗಿ ಕತ್ತರಿಸಿಕೊಟ್ಟ. ನಾನು ಚಾನೆಲ್ಲಿಗೆ ಕಳಿಸಿ, ಹಳೆಯದನ್ನು ಅಳಿಸಿ ಇದನ್ನು ಇಡಿ ಎಂದು ಹೇಳಿ, ಇಟ್ಟದ್ದನ್ನು ಖಾತ್ರಿ ಮಾಡಿಕೊಂಡಿದ್ದೇನೆ. ಈ ಕೆಲಸಕ್ಕೆ ಬರುತ್ತಿರುವವರೇ, ನಿಮ್ಮ ಕಂಪ್ಯೂಟರಿನಲ್ಲಿ ‘ಆನವಟ್ಟಿ ಮೂರು’ ಸಿಕ್ಕರೆ, ಮೊದಲಿಗೆ ಠಣ್ ಎಂದು ಕೇಳಿಸುತ್ತದೆ. ಸೌಟೇ ಇಲ್ಲದ ದೃಶ್ಯದಲ್ಲಿ ಆ ಸದ್ದು ಕೊಳಕು ಎನ್ನಿಸಿ ನಿಮ್ಮ ಕೈ ಕತ್ತರಿಯ ಕಡೆ ಹೋಗುತ್ತದೆ. ಕತ್ತರಿಸಬೇಡಿ. ಭಾನುವಾರ ಆನವಟ್ಟಿಯಲ್ಲಿ ಇಬ್ಬರು ಹೆಂಗಸರು ಒಂದೇ ಟಿವಿಯ ಮುಂದೆ ಕೂತು, ಅದೊಂದು ಸದ್ದಿಗಾಗಿ ನಿಮ್ಮ ಕಾರ್ಯಕ್ರಮ ನೋಡುತ್ತಿರುತ್ತಾರೆ.